ಟೆಕ್ಸಸ್ ಕೊಟ್ಟಿಗೆಯಲ್ಲಿ ನಮ್ಮ ಕಡೆಯ ಹಿಣಿಲು

ಎರಡು ಸಂಚಿಕೆಗಳ ಹಿಂದೆ ಎಮ್ಮೆಗಳ ಕೆಚ್ಚಲು ಬಾವಿನ ಬಗ್ಗೆ ಬರೆಯುವಾಗ, ‘ಮಗಳ ಮನೆಗೆಂದು ಹ್ಯೂಸ್ಟನ್‌ಗೆ ಹೋಗಿದ್ದಾಗ ಅಲ್ಲಿನ ರೋಡಿಯೋ ಮತ್ತು ಜಾನುವಾರು ಪ್ರದರ್ಶನ ನೋಡಿ ಬಂದೆ’ ಎಂದು ಒಂದು ಸಾಲು ಸೇರಿಸಿದ್ದೆ. ಕೆಚ್ಚಲು ಬಾವಿನ ಬಗ್ಗೆ ಇದುವರೆಗೆ ಒಂದೂ ಪತ್ರ ಬಂದಿಲ್ಲ. ರೋಡಿಯೋ, ಅಂದರೆ ಕೌಬಾಯ್‌ಗಳ ಗೂಳಿ, ಕುದುರೆ ಸವಾರಿ ಮತ್ತು ಕರು ಹಿಡಿಯುವ ಪಂದ್ಯ, ಅದರ ಬಗ್ಗೆ ಮಾತ್ರ ಪತ್ರಗಳು ಬರುತ್ತಲೇ ಇವೆ. ಮೂವತ್ತೆರಡು ವರ್ಷ ಪಶುವೈದ್ಯನಾಗಿ ದುಡಿದವನಿಗೆ ಇದರಿಂದ ಸ್ವಲ್ಪ ನೋವಾಗಿದೆ. ಆದರೂ ಉತ್ತರಿಸುತ್ತೇನೆ.

ಪ್ರಶ್ನೆ: ಬರುವ ಮಾರ್ಚ್‌ನಲ್ಲಿ ಹ್ಯೂಸ್ಟನ್ನಿನ ಮಗನ ಮನೆಗೆ ಹೋಗುತ್ತಿದ್ದೇವೆ. ಒಂದು ದಿನ ಪೂರ್ತಿ ರೋಡಿಯೋಗೆ ಮೀಸಲಿಡಬೇಕು ಎನ್ನುತ್ತಾನೆ. ನನಗೂ ಯಜಮಾನರಿಗೂ ಅರವತ್ತೈದು ದಾಟಿದೆ. ಕುದುರೆಯ ಮೇಲಿಂದ ಬೀಳುವವರನ್ನು ನೋಡಲು ಇಡೀ ದಿನ ಬೇಕೇ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಬೀಳುವವರನ್ನು ನೋಡಲು ಎರಡು ಗಂಟೆ ಸಾಕು ತಾಯಿ. ದಿನ ಬೇಕಾಗುವುದು ದನ ನೋಡುವುದಕ್ಕೆ. ಅದರ ಪೂರ್ತಿ ಹೆಸರು ‘ಹ್ಯೂಸ್ಟನ್ ಲೈವ್‌ಸ್ಟಾಕ್ ಶೋ ಅಂಡ್ ರೋಡಿಯೋ’. ಹೆಸರಿನಲ್ಲಿ ದನಕ್ಕೇ ಮೊದಲ ಸ್ಥಾನ. ಹುಟ್ಟಿದ್ದೂ ಅದೇ ಕ್ರಮದಲ್ಲಿ: 1932ರಲ್ಲಿ ‘ಫ್ಯಾಟ್ ಸ್ಟಾಕ್ ಶೋ’ ಎಂಬ ಹೆಸರಿನಲ್ಲಿ, ಅಂದರೆ ಮೇಯಿಸಿ ಕೊಬ್ಬಿಸಿದ ದನಗಳ ಪ್ರದರ್ಶನವಾಗಿ ಶುರುವಾಯಿತು; ರೋಡಿಯೋ ಬಂದು ಸೇರಿದ್ದು 1938ರಲ್ಲಿ. ಈಗ ಹೆಚ್ಚುಕಡಿಮೆ ಇಪ್ಪತ್ತು ದಿನ ನಡೆಯುತ್ತದೆ. ಬರುವ ಜನ 25 ಲಕ್ಷ ದಾಟುತ್ತಾರೆ. ಆದ್ದರಿಂದ ಶನಿವಾರ, ಭಾನುವಾರ ಹೋಗಲೇಬೇಡಿ. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಕಾರು ನಿಲ್ಲಿಸುವ ಕಷ್ಟ ಬೇಡವೆಂದರೆ ನಗರದ ರೆಡ್ ಲೈನ್ ರೈಲು ಮೈದಾನದ ಹತ್ತಿರವೇ ಇಳಿಸುತ್ತದೆ. ಸಂಜೆಯ ರೋಡಿಯೋ ಟಿಕೆಟ್ ಕೊಂಡರೆ ಮೈದಾನದ ಪ್ರವೇಶ ಅದರಲ್ಲೇ ಸೇರಿರುತ್ತದೆ. ಎರಡು ಸಲ ದುಡ್ಡು ಕೊಡಬೇಡಿ. ಕ್ರೀಡಾಂಗಣಕ್ಕೆ ಒಳಗಿರುವುದೆಲ್ಲ ಕಾಣುವಂಥ ಪಾರದರ್ಶಕ ಚೀಲ ಬೇಕು. ನನ್ನ ಹೆಂಡತಿಯ ಕೈಚೀಲ ಬಾಗಿಲಲ್ಲೇ ನಿಂತಿತು, ಅದರೊಳಗಿದ್ದ ಚಕ್ಕುಲಿಯ ಜೊತೆಗೆ.

ಮೊದಲು ಕೊಟ್ಟಿಗೆಗಳ ಕಡೆ ನಡೆಯಿರಿ. ನಾನು ಕೊಟ್ಟಿಗೆ ಎನ್ನುವುದು ಅಭ್ಯಾಸಬಲದಿಂದ. ಅದು ವಿಮಾನ ನಿಲ್ಲಿಸುವಷ್ಟು ದೊಡ್ಡ ಸಭಾಂಗಣ. ನೆಲದ ತುಂಬ ಮರದ ಹೊಟ್ಟು, ಸಾಲಾಗಿ ಕಟ್ಟಿದ ನೂರಾರು ದನ. ಸಗಣಿ ಬಿದ್ದ ಅರೆ ನಿಮಿಷದಲ್ಲಿ ಯಾರೋ ಸಲಿಕೆ ಹಿಡಿದು ಬರುತ್ತಾರೆ. ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರು ತಮ್ಮ ಎತ್ತಿಗೆ ಸಾಬೂನು ಹಾಕಿ ಮೀಯಿಸಿ, ದೊಡ್ಡ ಗಾಳಿಯಂತ್ರದಿಂದ ಒಣಗಿಸಿ, ಕಾಲಿನ ಕೂದಲನ್ನು ಮೇಲ್ಮುಖವಾಗಿ ಬಾಚಿ ನಿಲ್ಲಿಸುತ್ತಾರೆ. ಹಾಗೆ ಬಾಚಿದರೆ ಕಾಲು ದಪ್ಪಗೆ ಕಾಣುತ್ತದೆ. ನಮ್ಮ ಸಂತೆಗಳಲ್ಲಿ ಕೊಂಬಿಗೆ ಎಣ್ಣೆ ಸವರುವ ದಲ್ಲಾಳಿಗಳು ನೆನಪಾದರು. ಆಮೇಲೆ ಆ ಮಕ್ಕಳೇ ಎತ್ತಿನ ಹೊಟ್ಟೆಗೆ ತಲೆ ಇಟ್ಟು ಮಲಗಿಬಿಡುತ್ತಾರೆ. ಎತ್ತು ಅಲುಗುವುದಿಲ್ಲ.

ಹೆರಿಗೆ ಕೋಣೆಯನ್ನು ತಪ್ಪಿಸಬೇಡಿ. ತುಂಬುಗಬ್ಬದ ಹಸು, ಕುರಿ, ಹಂದಿಗಳನ್ನು ಜನರಿಗೆ ಕಾಣುವಂತೆ ಇಟ್ಟಿರುತ್ತಾರೆ. ನಾನು ಕೂತಾಗ ಒಂದು ಕೆಂಪು ಹಸು ನೋವು ತಿನ್ನುತ್ತಿತ್ತು. ಒಂದೂವರೆ ಗಂಟೆ ಅಲ್ಲಿಂದ ಏಳಲಿಲ್ಲ. ಕರುವಿನ ಎರಡು ಮುಂಗಾಲು ಕಂಡವು, ಮೂತಿ ಕಾಣುತ್ತಿಲ್ಲ. ನನ್ನ ಕೈ ತಾನಾಗಿ ಅಂಗಿಯ ತೋಳು ಮಡಿಸತೊಡಗಿತು. ‘ಅಪ್ಪಾ, ನಿಮಗೆ ಇಲ್ಲಿ ಲೈಸೆನ್ಸ್ ಇಲ್ಲ’ ಎಂದು ಮಗಳು ಭುಜ ಒತ್ತಿ ಕೂರಿಸಿದಳು. ಅಷ್ಟರಲ್ಲಿ ಮೂತಿ ಬಂತು, ಕರು ಜಾರಿಬಿತ್ತು, ಸುತ್ತ ನಿಂತಿದ್ದ ಇನ್ನೂರು ಜನ ಚಪ್ಪಾಳೆ ತಟ್ಟಿದರು. ನನ್ನ ವೃತ್ತಿಜೀವನದಲ್ಲಿ ಯಾವ ಹೆರಿಗೆಗೂ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

ಇನ್ನೊಂದು ಮಾತು. ಹೊಸ ಕೌಬಾಯ್ ಬೂಟು ಕೊಳ್ಳಬೇಡಿ. ಅಳಿಯಂದಿರು ಪ್ರೀತಿಯಿಂದ ಕೊಡಿಸಿದರು, ನಾನು ಹಾಕಿಕೊಂಡೆ, ಮಧ್ಯಾಹ್ನದ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಆ ದಿನ ಅಲ್ಲಿ ಕುಂಟಿದ ಪ್ರಾಣಿ ನಾನೊಬ್ಬನೇ.

ರೋಡಿಯೋ ಮುಗಿದ ಮೇಲೆ ಅದೇ ಮಣ್ಣಿನ ಮೇಲೆ ತಿರುಗುವ ರಂಗಸ್ಥಳ ತಂದಿಟ್ಟು ಸಂಗೀತ ಕಛೇರಿ ಮಾಡುತ್ತಾರೆ. 1942ರಲ್ಲಿ ಜೀನ್ ಆಟ್ರಿ ಎಂಬ ಹಾಡುವ ಕೌಬಾಯ್‌ಯಿಂದ ಶುರುವಾದ ಪದ್ಧತಿ ಅದು. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಇಲ್ಲವೇ ನಮ್ಮಂತೆ ಎದ್ದು ಬನ್ನಿ.

ಪ್ರಶ್ನೆ: ಟೆಕ್ಸಸ್‌ನಲ್ಲಿ ನಮ್ಮ ನಾಟಿ ದನದ ಹಾಗೆ ಹಿಣಿಲು ಇರುವ ದನಗಳಿವೆ ಎಂದು ಗೆಳೆಯರೊಬ್ಬರು ಹೇಳಿದರು. ನಿಜವೇ?
– ಯುವ ರೈತ, ಪಾವಗಡ

ಉತ್ತರ: ನಿಜ. ಇಷ್ಟೆಲ್ಲ ಪತ್ರಗಳಲ್ಲಿ ನಾನು ಕಾಯುತ್ತಿದ್ದ ಪ್ರಶ್ನೆ ಇದೊಂದೇ.

ಕೊಟ್ಟಿಗೆಯ ಸಾಲುಗಳಲ್ಲಿ ಕರಿಯ ಆಂಗಸ್, ಬಿಳಿ ಮುಖದ ಹೆರ್‌ಫರ್ಡ್ ಎಲ್ಲ ನೋಡುತ್ತ ಹೋಗುತ್ತಿದ್ದೆ. ಎಲ್ಲವೂ ಬೆನ್ನು ಸಪಾಟಾದ, ಪೆಟ್ಟಿಗೆಯಂಥ ದನಗಳು. ಒಂದು ತಿರುವಿನಲ್ಲಿ ಬೂದುಬಣ್ಣದ ಹೋರಿಯೊಂದು ನಿಂತಿತ್ತು. ಎತ್ತರದ ಹಿಣಿಲು, ಮಂಡಿಯವರೆಗೆ ಇಳಿಬಿದ್ದ ಗಂಗೆದೊಗಲು, ಜೋತ ಕಿವಿ, ಕಾಡಿಗೆ ಹಚ್ಚಿದಂಥ ಕಣ್ಣು. ನಾನು ಹುಟ್ಟಿದ್ದು ಘಟಪ್ರಭೆಯ ದಂಡೆಯ ಹಳ್ಳಿಯಲ್ಲಿ. ನಮ್ಮ ಅಜ್ಜನ ಹತ್ತಿರ ಕೃಷ್ಣಾ ಕಣಿವೆ ತಳಿಯ ಒಂದು ಜೋಡಿ ಇತ್ತು. ಮಳೆ ಬಂದರೆ ಅಂಟುವ ಎರೆಹೊಲದಲ್ಲಿ ಬೇರೆ ಎತ್ತು ಕಾಲು ಕೀಳಲಾರದಾಗ ಅವು ನೇಗಿಲು ಎಳೆಯುತ್ತಿದ್ದವು. ಹದಿನಾಲ್ಕು ಸಾವಿರ ಕಿಲೋಮೀಟರಿಗೂ ದೂರದ ಊರಿನಲ್ಲಿ ಅಜ್ಜನ ಎತ್ತಿನ ಮುಖ ಕಂಡರೆ ಏನಾಗಬೇಕು? ನನಗೂ ಅದೇ ಆಯಿತು. ಹೆಂಡತಿ ಕರವಸ್ತ್ರ ಕೊಟ್ಟಳು.

ಆ ತಳಿಗೆ ಅಲ್ಲಿ ‘ಅಮೆರಿಕನ್ ಬ್ರಾಹ್ಮನ್’ ಎನ್ನುತ್ತಾರೆ. ಹೆಸರು ಕೇಳಿ ನಗಬೇಡಿ. ಮಾಂಸಕ್ಕೆಂದು ಸಾಕುವ ದನಕ್ಕೆ ಈ ಹೆಸರು ಹೇಗೆ ಎಂದು ನನ್ನ ಹೆಂಡತಿ ಎರಡು ದಿನ ಕೇಳಿದಳು. ಇದು ನಮ್ಮಿಂದ ಹೋದ ಗೀರ್, ಕಾಂಕ್ರೇಜ್, ಓಂಗೋಲ್ ಮತ್ತು ಕೃಷ್ಣಾ ಕಣಿವೆ ತಳಿಗಳ ಬೆರಕೆ. 1854ರಲ್ಲಿ ಲೂಸಿಯಾನಾದ ರಿಚರ್ಡ್ ಬ್ಯಾರೋ ಎಂಬ ತೋಟಗಾರನಿಗೆ ಬ್ರಿಟಿಷ್ ಸರ್ಕಾರ ಎರಡು ಭಾರತೀಯ ಹೋರಿಗಳನ್ನು ಉಡುಗೊರೆ ಕೊಟ್ಟಿತು. ಭಾರತದಲ್ಲಿ ಹತ್ತಿ, ಕಬ್ಬು ಬೆಳೆಸಲು ಹೊರಟಿದ್ದ ಬ್ರಿಟಿಷ್ ಅಧಿಕಾರಿಗೆ ಆತ ಆ ಬೇಸಾಯ ಕಲಿಸಿಕೊಟ್ಟಿದ್ದ. ಅದರ ಋಣ ತೀರಿಸಿದ್ದು ಹೋರಿಗಳ ಮೂಲಕ. 1906ರಲ್ಲಿ ಟೆಕ್ಸಸ್‌ನ ಪಿಯರ್ಸ್ ರಾಂಚ್ ಎಂಬ ದನ ಸಾಕುವ ಹುಲ್ಲುಗಾವಲಿನ ಎ.ಪಿ. ಬೋರ್ಡನ್ ತಾನೇ ಭಾರತಕ್ಕೆ ಬಂದು ದನ ಆರಿಸಿ ಹಡಗಿಗೆ ಹತ್ತಿಸಿದ. ಅವುಗಳಲ್ಲಿ ಕೆಲವಕ್ಕೆ ಸರ್ರಾ ಎಂಬ ರಕ್ತದ ಸೋಂಕುರೋಗ ಇದೆಯೆಂದು ನ್ಯೂಯಾರ್ಕ್ ಬಳಿ ತಡೆದರು, ಉಳಿದವು ಟೆಕ್ಸಸ್ ತಲುಪಿದವು. ಮುಂದೆ 1920ರ ದಶಕದಲ್ಲಿ ಬ್ರೆಜಿಲ್‌ಗೆ ಹೋಗಿದ್ದ ನಮ್ಮ ದನಗಳ ಸಂತತಿ ಮೆಕ್ಸಿಕೋ ಮೂಲಕ ಬಂತು. 1924ರಲ್ಲಿ ಈ ದನ ಸಾಕುವವರೆಲ್ಲ ಸೇರಿ ಸಂಘ ಕಟ್ಟಿದರು. ‘ಬ್ರಾಹ್ಮನ್’ ಎಂಬ ಹೆಸರು ಸೂಚಿಸಿದ್ದು ಅದರ ಕಾರ್ಯದರ್ಶಿ ಜೆ.ಡಬ್ಲ್ಯು. ಸಾರ್ಟ್‌ವೆಲ್. ಎಂಟು ವರ್ಷದ ನಂತರ ಇದೇ ಹ್ಯೂಸ್ಟನ್ ಪ್ರದರ್ಶನ ಶುರುವಾದಾಗ ಅದರ ಮೊದಲ ಅಧ್ಯಕ್ಷನಾದವನೂ ಆತನೇ.

ಅವರಿಗೆ ನಮ್ಮ ದನ ಏಕೆ ಬೇಕಾಯಿತು? ಉಣ್ಣೆ, ನಿಮ್ಮ ಕಡೆ ಉಣುಗು ಅನ್ನುತ್ತೀರಲ್ಲ, ಆ ರಕ್ತ ಹೀರುವ ಹುಳುವಿನ ಕಾರಣಕ್ಕೆ. ಯುರೋಪಿನ ತಳಿಗಳು ಟೆಕ್ಸಸ್‌ನ ಬಿಸಿಲಿಗೆ ಏದುಸಿರು ಬಿಡುತ್ತಿದ್ದವು, ಉಣುಗು ಹತ್ತಿ ‘ಟೆಕ್ಸಸ್ ಜ್ವರ’ ಬಂದು ರಕ್ತಮೂತ್ರ ಮಾಡಿ ಸಾಯುತ್ತಿದ್ದವು. 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್‌ಬೋರ್ನ್ ಎಂಬ ವಿಜ್ಞಾನಿಗಳು ಈ ರೋಗವನ್ನು ಹರಡುವುದು ಉಣುಗೇ ಎಂದು ತೋರಿಸಿಕೊಟ್ಟರು. ಕಚ್ಚುವ ಪುಟ್ಟ ಜೀವಿಯೊಂದು ಹೀಗೆ ರೋಗ ದಾಟಿಸುತ್ತದೆ ಎಂಬ ವಿಷಯ ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟಿಗಿಂತ ಮೊದಲೇ ದನದಲ್ಲಿ ಗೊತ್ತಾಯಿತು. ವೈದ್ಯರು ಇದನ್ನು ಒಪ್ಪಿಕೊಳ್ಳುತ್ತಾರೆ, ಆದರೆ ಜೋರಾಗಿ ಹೇಳುವುದಿಲ್ಲ. ನಮ್ಮ ದನದ ಚರ್ಮ ಸಡಿಲ, ಬೆವರು ಹೆಚ್ಚು, ಕೂದಲು ಗಿಡ್ಡ, ಉಣುಗು ಸುಲಭವಾಗಿ ನಿಲ್ಲದು. ಹಾಗಾಗಿ ಅವರು ತಮ್ಮ ತಳಿಗಳಿಗೆ ನಮ್ಮ ರಕ್ತ ಬೆರೆಸಿದರು. ಕಿಂಗ್ ರಾಂಚಿನವರು ಶಾರ್ಟ್‌ಹಾರ್ನ್ ಜೊತೆ ಬೆರೆಸಿ ಮಾಡಿದ ಸಾಂತಾ ಗರ್ಟ್ರೂಡಿಸ್ 1940ರಲ್ಲಿ ತಳಿಯೆಂದು ಮಾನ್ಯವಾಯಿತು. ಆಂಗಸ್ ಜೊತೆ ಬೆರೆಸಿದ್ದು ಬ್ರಾಂಗಸ್: ಎಂಟರಲ್ಲಿ ಮೂರು ಪಾಲು ನಮ್ಮದು, ಐದು ಪಾಲು ಅವರದು.

ಹೋರಿಯ ಯಜಮಾನತಿಯ ಅಪ್ಪಣೆ ಪಡೆದು ಗಂಗೆದೊಗಲು ಕೆರೆದೆ. ಅದು ಕಣ್ಣು ಅರೆಮುಚ್ಚಿ ಕತ್ತು ಚಾಚಿತು. ಥೇಟ್ ಅಜ್ಜನ ಎತ್ತಿನ ಹಾಗೆ. ‘ನೀವೂ ದನ ಸಾಕಿದ್ದೀರಾ?’ ಎಂದು ಆಕೆ ಕೇಳಿದರು. ‘ಇಲ್ಲ, ಆದರೆ ಇದರ ತವರು ನಮ್ಮ ಊರಿನ ಕಡೆ’ ಎಂದೆ. ಆಕೆ ನಕ್ಕು ತಮ್ಮ ತಂದೆಯನ್ನು ಕರೆದರು. ನನಗಿಂತ ಹಿರಿಯರು. ಟೋಪಿ ತೆಗೆದು ಕೈಕುಲುಕಿದರು. ಕೃಷ್ಣೆಯ ದಂಡೆಯಲ್ಲಿ ಈಗ ಈ ತಳಿ ಎಷ್ಟಿವೆ ಎಂದು ಕೇಳಿದರು. ಕಡಿಮೆಯಾಗಿವೆ ಎಂದಷ್ಟೇ ಹೇಳಿ ಮಾತು ಬದಲಿಸಿದೆ. ನೀವು ಯುವ ರೈತರು, ಆದ್ದರಿಂದ ಇದನ್ನು ನಿಮಗೆ ಹೇಳುತ್ತಿದ್ದೇನೆ.

ಪ್ರಶ್ನೆ: ಗೂಳಿಯ ಮೇಲೆ ಎಂಟು ಸೆಕೆಂಡ್ ಕೂತರೆ ಗೆದ್ದಂತೆ ಎನ್ನುತ್ತಾರೆ. ಇಬ್ಬರೂ ಎಂಟು ಸೆಕೆಂಡ್ ಕೂತರೆ?
– ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಎಂಟು ಸೆಕೆಂಡ್ ಎನ್ನುವುದು ಪಾಸ್ ಅಂಕವಷ್ಟೇ. ಆಮೇಲೆ ನೂರಕ್ಕೆ ಎಷ್ಟು ಎಂದು ತೀರ್ಪುಗಾರರು ಅಂಕ ಹಾಕುತ್ತಾರೆ. ಸ್ವಾರಸ್ಯ ಏನೆಂದರೆ ಅದರಲ್ಲಿ ಐವತ್ತು ಸವಾರನಿಗೆ, ಐವತ್ತು ಪ್ರಾಣಿಗೆ. ಗೂಳಿ ಸೋಮಾರಿಯಾದರೆ ಸವಾರ ಎಷ್ಟು ಚೆನ್ನಾಗಿ ಕೂತರೂ ಅಂಕ ಬರದು; ಅಂಥ ಸಂದರ್ಭದಲ್ಲಿ ಬೇರೆ ಗೂಳಿ ಕೊಡುವುದುಂಟು. ಒಂದೇ ಕೈಯಲ್ಲಿ ಹಗ್ಗ ಹಿಡಿಯಬೇಕು, ಇನ್ನೊಂದು ಕೈ ಗೂಳಿಗಾಗಲಿ ತನಗಾಗಲಿ ತಾಗಿದರೆ ಸೊನ್ನೆ. ಕುದುರೆ ಸವಾರಿಯಲ್ಲಿ ಇನ್ನೊಂದು ನಿಯಮವಿದೆ: ಬಾಗಿಲು ತೆರೆದು ಕುದುರೆಯ ಮೊದಲ ನೆಗೆತ ನೆಲ ಮುಟ್ಟುವಾಗ ಸವಾರನ ಹಿಮ್ಮಡಿ ಅದರ ಭುಜಕ್ಕಿಂತ ಮೇಲಿರಬೇಕು.

ಸವಾರರ ಎದೆಕವಚ ಗಮನಿಸಿ. 1989ರಲ್ಲಿ ವಯೋಮಿಂಗ್‌ನ ಶೈಯೆನ್ ಊರಿನಲ್ಲಿ ಲೇನ್ ಫ್ರಾಸ್ಟ್ ಎಂಬ ಇಪ್ಪತ್ತೈದರ ಚಾಂಪಿಯನ್ ಸವಾರಿ ಪೂರೈಸಿ ಇಳಿದ ಮೇಲೆ ಗೂಳಿ ತಿರುಗಿ ಗುದ್ದಿತು, ಅಲ್ಲೇ ತೀರಿಕೊಂಡ. ಅವನ ಗೆಳೆಯ, ತಾನೂ ಗೂಳಿ ಸವಾರನಾಗಿದ್ದ ಕೋಡಿ ಲ್ಯಾಂಬರ್ಟ್ ಈ ಕವಚ ರೂಪಿಸಿದ. ಬಿದ್ದವನಿಂದ ಗೂಳಿಯ ಗಮನ ತಪ್ಪಿಸಲು ಕಾಲ್ನಡಿಗೆಯಲ್ಲೇ ಓಡಾಡುವ ಜನ ಇರುತ್ತಾರೆ. ನನ್ನ ಲೆಕ್ಕದಲ್ಲಿ ಆ ಮೈದಾನದ ನಿಜವಾದ ಧೀರರು ಅವರೇ. ಅವರಿಗೆ ಅಂಕ ಹಾಕುವವರಿಲ್ಲ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಏನಾದರೂ ಸಿಗುತ್ತದೆಯೇ?
– ಗೃಹಿಣಿ, ಉಡುಪಿ

ಉತ್ತರ: ಬೇಯಿಸಿದ ಜೋಳದ ತೆನೆ, ಆಲೂಗಡ್ಡೆ, ನಿಂಬೆ ಪಾನಕ. ಎಣ್ಣೆಯಲ್ಲಿ ಕರಿದ ಬಿಸ್ಕತ್ತೂ ಸಿಗುತ್ತದೆ. ತಿಂದೆ, ಎರಡನೆಯದನ್ನು ತಿನ್ನಲಿಲ್ಲ. ಮನೆಯಲ್ಲಿ ಹೊಟ್ಟೆ ತುಂಬಾ ತಿಂಡಿ ತಿಂದು ಹೊರಡಿ.

ಪ್ರಶ್ನೆ: ಪ್ರಾಣಿಯ ಸೂಕ್ಷ್ಮ ಜಾಗಕ್ಕೆ ಹಗ್ಗ ಬಿಗಿದು ಕೆರಳಿಸುತ್ತಾರಂತೆ. ಪಶುವೈದ್ಯರಾಗಿ ನೀವು ಇಂಥದ್ದನ್ನು ನೋಡಲು ಹೋದದ್ದು ಸರಿಯೇ?
– ಪ್ರಾಣಿಪ್ರಿಯೆ, ಮೈಸೂರು

ಉತ್ತರ: ಖಾರವಾದ ಪತ್ರ. ಆದರೆ ನ್ಯಾಯವಾದ ಪ್ರಶ್ನೆ. ಎರಡು ಭಾಗ ಮಾಡಿ ಹೇಳುತ್ತೇನೆ.

ಹಗ್ಗದ ಕಥೆ ಸುಳ್ಳು. ಆ ಪಟ್ಟಿ ಬೀಳುವುದು ಹಿಂಗಾಲಿನ ಮುಂದೆ, ಪಕ್ಕೆ ಮುಗಿದು ಹೊಟ್ಟೆ ಸಣ್ಣದಾಗುವ ಕಡೆ. ಕುದುರೆಗೆ ಹಾಕುವ ಪಟ್ಟಿಗೆ ಕುರಿಚರ್ಮದ ಒಳಪದರ ಇರುತ್ತದೆ. ವೃಷಣಕ್ಕೂ ಅದಕ್ಕೂ ಸಂಬಂಧವಿಲ್ಲ. ನೆಗೆಯುವ ಕುದುರೆಗಳಲ್ಲಿ ಎಷ್ಟೋ ಹೆಣ್ಣು, ಇನ್ನೆಷ್ಟೋ ಬೀಜ ಒಡೆಸಿದವು. ಬಿಗಿಯಲು ಅಲ್ಲಿ ಏನಿದೆ? ಪಟ್ಟಿ ಕಿರಿಕಿರಿ ಮಾಡುತ್ತದೆ, ಪ್ರಾಣಿ ಹಿಂಗಾಲು ಝಾಡಿಸುತ್ತದೆ. ಅಷ್ಟೇ ಸಾಲದು, ನೆಗೆಯುವ ಗುಣ ರಕ್ತದಲ್ಲೂ ಇರಬೇಕು. ಅದಕ್ಕೆಂದೇ ಸಾಕುವ ಗೂಳಿಗಳ ವಂಶಾವಳಿಯನ್ನು ಡಿಎನ್ಎ ಪರೀಕ್ಷೆ ಸಮೇತ ಬರೆದಿಡುತ್ತಾರೆ. ನಾನು ಕಂಡ ಗೂಳಿಗಳ ಮೈ, ಗೊರಸು, ಕಣ್ಣು ನಮ್ಮ ಊರಿನ ಎಷ್ಟೋ ದನಗಳಿಗಿಂತ ಚೆನ್ನಾಗಿದ್ದವು. ಸವಾರ ಬಿದ್ದ ಕೂಡಲೇ ಅರ್ಧಕ್ಕರ್ಧ ಗೂಳಿಗಳು ತಾವಾಗಿ ಬಾಗಿಲ ಕಡೆ ನಡೆದವು, ಪಾಳಿ ಮುಗಿಸಿದ ಕಾರ್ಮಿಕರ ಹಾಗೆ.

ಕರು ಕೆಡಹುವ ಆಟ ಮಾತ್ರ ನನಗೆ ಒಗ್ಗಲಿಲ್ಲ. ಓಡುವ ಕರುವಿನ ಕೊರಳಿಗೆ ಕುದುರೆಯ ಮೇಲಿಂದ ಕುಣಿಕೆ ಎಸೆಯುತ್ತಾರೆ. ಹಗ್ಗದ ತುದಿ ಜೀನಿಗೆ ಕಟ್ಟಿರುತ್ತದೆ. ಸವಾರ ಹಾರಿ ಇಳಿದು ಓಡಿ, ಕರುವನ್ನು ಎತ್ತಿ ಕೆಡವಿ ಮೂರು ಕಾಲು ಕಟ್ಟುತ್ತಾನೆ. ಕಟ್ಟು ಆರು ಸೆಕೆಂಡ್ ನಿಲ್ಲಬೇಕು. ಕರುವಿನ ತೂಕ ನೂರು, ನೂರಿಪ್ಪತ್ತು ಕಿಲೋ. ಅದು ಹಿಮ್ಮುಖವಾಗಿ ಅಂಗಾತ ಬೀಳುವಂತೆ ಎಳೆಯಬಾರದೆಂಬ ನಿಯಮವಿದೆ, ಮೈದಾನದಲ್ಲಿ ಪಶುವೈದ್ಯರೂ ಇರುತ್ತಾರೆ. ಎಲ್ಲ ಸರಿ. ಹುಲ್ಲುಗಾವಲಿನಲ್ಲಿ ರೋಗಿಷ್ಟ ಕರು ಹಿಡಿಯಲು ಹುಟ್ಟಿದ ವಿದ್ಯೆ ಇದು, ಒಪ್ಪುತ್ತೇನೆ. ನಾನೇ ಲಾಳ ಹೊಡೆಸಲು, ಹೊಲಿಗೆ ಹಾಕಲು ಸಾವಿರಾರು ದನ ಕೆಡಹಿದವನು. ಆದರೆ ನಾನು ಕೆಡಹುವಾಗ ಯಾರೂ ಗಡಿಯಾರ ಹಿಡಿದು ನಿಂತಿರಲಿಲ್ಲ, ಕೊರಳು ಉಳುಕದಂತೆ ಒಬ್ಬ ತಲೆ ಹಿಡಿದಿರುತ್ತಿದ್ದ. ನಾಲ್ಕನೇ ಕರುವಿನ ಹೊತ್ತಿಗೆ ನಾನು ಮುಖ ತಿರುಗಿಸಿ ಕೂತೆ.

ಇದಕ್ಕೆ ಬದಲಿ ಅವರಲ್ಲೇ ಇದೆ. ‘ಬ್ರೇಕ್‌ಅವೇ’ ಎಂದು ಹೆಂಗಸರು ಆಡುವ ಆಟ. ಹಗ್ಗವನ್ನು ಜೀನಿಗೆ ಬರೀ ದಾರದಿಂದ ಕಟ್ಟಿರುತ್ತಾರೆ. ಕುಣಿಕೆ ಬಿದ್ದು ಎಳೆತ ಬಂದೊಡನೆ ದಾರ ಹರಿದು ಗಡಿಯಾರ ನಿಲ್ಲುತ್ತದೆ, ಕರು ಹಗ್ಗ ಸಮೇತ ಓಡಿಹೋಗುತ್ತದೆ. ಕೈಚಳಕ ಅಷ್ಟೇ ಬೇಕು, ಕರು ಬೀಳುವುದಿಲ್ಲ. ಗಂಡಸರೂ ಅದನ್ನೇ ಆಡಲಿ ಎಂದು ಅಳಿಯಂದಿರಿಗೆ ಹೇಳಿದೆ. ‘ಮಾವಾ, ಇಲ್ಲಿ ಜೋರಾಗಿ ಹೇಳಬೇಡಿ’ ಎಂದರು.

ನೋಡಲು ಹೋದದ್ದು ಸರಿಯೇ ಎಂದಿರಿ. ಹೋಗದಿದ್ದರೆ ಈ ಎರಡರ ವ್ಯತ್ಯಾಸ ನಿಮಗೆ ಹೇಳಲು ಆಗುತ್ತಿರಲಿಲ್ಲ.

ಪ್ರಶ್ನೆ: ಅಲ್ಲಿ ಪುಟ್ಟ ಮಕ್ಕಳನ್ನು ಕುರಿಯ ಮೇಲೆ ಕೂರಿಸುತ್ತಾರಂತೆ. ಆರು ವರ್ಷದ ಮೊಮ್ಮಗ ಹಟ ಹಿಡಿದಿದ್ದಾನೆ. ಬಿಡಬಹುದೇ?
– ಅಜ್ಜ, ದಾವಣಗೆರೆ

ಉತ್ತರ: ಐದು, ಆರು ವರ್ಷದವರಿಗೇ ಇರುವ ಆಟ ಅದು. ತೂಕ 55 ಪೌಂಡ್, ಅಂದರೆ 25 ಕಿಲೋ ಮೀರಬಾರದು. ಶಿರಸ್ತ್ರಾಣ, ಕವಚ ಅವರೇ ತೊಡಿಸುತ್ತಾರೆ. ಮಗು ಕುರಿಯ ಉಣ್ಣೆ ತಬ್ಬಿ ಮಲಗುತ್ತದೆ, ಕುರಿ ಓಡುತ್ತದೆ, ಮಗು ಬೀಳುತ್ತದೆ. ಎಲ್ಲ ಮಕ್ಕಳೂ ಬೀಳುತ್ತವೆ. ಅಳುವುದು ಮಾತ್ರ ಹೆಚ್ಚಾಗಿ ಅಮ್ಮಂದಿರು. ಮೊಮ್ಮಗನಿಗಿಂತ ನಿಮ್ಮ ಸೊಸೆಯನ್ನು ಮೊದಲು ಕೇಳಿ.

ನನಗೆ ಹಿಡಿಸಿದ್ದು ದೊಡ್ಡ ಮಕ್ಕಳ ಕರು ಹಿಡಿಯುವ ಆಟ. 1942ರಿಂದ ನಡೆದುಬಂದಿದೆ. ಮೈದಾನಕ್ಕೆ ಕರು ಬಿಡುತ್ತಾರೆ, ಮಕ್ಕಳು ಕರುಗಳಿಗಿಂತ ಹೆಚ್ಚಿರುತ್ತಾರೆ. ಬರಿಗೈಯಲ್ಲಿ ಹಿಡಿದು, ಮೂತಿಗೆ ಹಗ್ಗ ಹಾಕಿ, ನಡುವಿನ ಚೌಕಕ್ಕೆ ಎಳೆದು ತರಬೇಕು. ಕರು ಇವರನ್ನು ಎಳೆಯುವುದೇ ಹೆಚ್ಚು. ಗೆದ್ದವರಿಗೆ ಸ್ವಂತ ಕರು ಕೊಂಡು ಸಾಕಲು ಹಣದ ಪ್ರಮಾಣಪತ್ರ ಕೊಡುತ್ತಾರೆ. ಮುಂದಿನ ವರ್ಷ ಆ ಕರುವಿನ ಜೊತೆ ಪ್ರದರ್ಶನಕ್ಕೆ ಬರಬೇಕು.

ಪ್ರಶ್ನೆ: ಹ್ಯೂಸ್ಟನ್ನಿನಲ್ಲಿ ಒಂದು ಎತ್ತು ಹತ್ತು ಲಕ್ಷ ಡಾಲರಿಗೆ ಹೋಯಿತು ಎಂದು ಓದಿದೆ. ಬಂಗಾರದ ಎತ್ತೇ?
– ಬ್ಯಾಂಕ್ ನೌಕರ, ಹಾವೇರಿ

ಉತ್ತರ: 2022ರಲ್ಲಿ ಆ ವರ್ಷದ ಸರ್ವಶ್ರೇಷ್ಠ ಎತ್ತಿಗೆ ಹರಾಜಿನಲ್ಲಿ ಅಷ್ಟು ಬಂದದ್ದು ನಿಜ. ಅದು ಎತ್ತಿನ ಬೆಲೆಯಲ್ಲ. ಊರಿನ ಸಿರಿವಂತರು ಪೈಪೋಟಿಯಲ್ಲಿ ಕೂಗುವ ದಾನ. ಸಾಕಿದ ಮಗುವಿಗೆ ಗೊತ್ತುಪಡಿಸಿದ ಪಾಲು, ಉಳಿದದ್ದು ವಿದ್ಯಾರ್ಥಿವೇತನದ ನಿಧಿಗೆ. ಹರಾಜಿನ ನಂತರ ಎತ್ತು ಮನೆಗೆ ಮರಳುವುದಿಲ್ಲ, ಕಸಾಯಿಖಾನೆಗೆ ಹೋಗುತ್ತದೆ. ಮಕ್ಕಳಿಗೆ ಅದು ಮೊದಲ ದಿನದಿಂದ ಗೊತ್ತಿರುತ್ತದೆ.

ನಾವು ಹೊರಡುವ ಮುನ್ನ ಇನ್ನೊಮ್ಮೆ ಕೊಟ್ಟಿಗೆಗೆ ಹೋಗಿದ್ದೆ. ಎಫ್‌ಎಫ್‌ಎ ಎಂಬ, ಕೃಷಿ ಕಲಿಯುವ ಶಾಲಾಮಕ್ಕಳ ಸಂಘದ ನೀಲಿ ಜಾಕೆಟ್ ತೊಟ್ಟ ಹುಡುಗಿಯೊಬ್ಬಳು ಖಾಲಿ ಗೂಟದ ಎದುರು ಕೂತು ಹಗ್ಗ ಸುತ್ತುತ್ತಿದ್ದಳು. ಬೆಳಿಗ್ಗೆ ಅಲ್ಲಿ ಕರಿ ಎತ್ತು ಕಂಡಿದ್ದೆ. ಮೂಗು ಕೆಂಪಾಗಿತ್ತು, ಎತ್ತಿನದಲ್ಲ, ಅವಳದು. ಏನು ಹೇಳುವುದೆಂದು ತೋಚದೆ, ಎಷ್ಟು ತಿಂಗಳು ಸಾಕಿದೆ ಎಂದೆ. ಒಂದೂವರೆ ವರ್ಷ ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮೊಬೈಲ್ ತೆಗೆದು ಮುಂದಿನ ವರ್ಷದ ಕರು ತೋರಿಸಿದಳು. ಆಗಲೇ ಮನೆಯಲ್ಲಿದೆಯಂತೆ. ಕನ್ನಡಕ ಏರಿಸಿ ನೋಡಿದೆ. ಎಡಗಣ್ಣಿನ ಸುತ್ತ ಕೂದಲು ಉದುರಿ, ಬೂದು ಮೆತ್ತಿದಂಥ ದುಂಡು ಮಚ್ಚೆ. ಗಜಕರ್ಣ. ‘ಹಕ್ಕಳೆ ಉಜ್ಜಿ ತೆಗೆದು ಅಯೋಡಿನ್ ಹಚ್ಚು, ಕಣ್ಣೊಳಗೆ ಹೋಗದಂತೆ ನೋಡಿಕೋ. ಕೈಗವಸು ಹಾಕಿಕೋ, ನಿನಗೂ ಅಂಟುತ್ತದೆ. ಬೇರೆ ದನಕ್ಕೆ ಬಳಸಿದ ಬ್ರಷ್ಷು ಇದಕ್ಕೆ ಬೇಡ. ನಿಮ್ಮ ಊರಿನ ಡಾಕ್ಟರಿಗೂ ತೋರಿಸು’ ಎಂದೆ. ಅವಳು ಹಗ್ಗ ಕೆಳಗಿಟ್ಟು, ಜಾಕೆಟ್ಟಿನ ಜೇಬಿನಿಂದ ಪೆನ್ನು ತೆಗೆದು, ಅಂಗೈ ಮೇಲೆ ಬರೆದುಕೊಂಡಳು.